ಕಾಲು ಮುಂದಾಗಿ ಹುಟ್ಟಿದವಳ ಬೆನ್ನು

ನಾನು ಹುಟ್ಟುವಾಗ ತಲೆಯ ಬದಲು ಕಾಲು ಮುಂದೆ ಬಂದಿತ್ತಂತೆ. ಅಸೂಟಿಯ ತವರುಮನೆಯ ಹಿಂದಿನ ಕೋಣೆಯಲ್ಲಿ ಸೂಲಗಿತ್ತಿ ಹೆದರಿ ನೀರಾಗಿದ್ದಳಂತೆ. ಅವ್ವ ಉಳಿಯುವುದಿಲ್ಲವೆಂದು ಅಪ್ಪ ಹೊರಗಿನ ಕಟ್ಟೆಯ ಮೇಲೆ ತಲೆಗೆ ಕೈ ಹಚ್ಚಿ ಕುಳಿತಿದ್ದನಂತೆ. ಅವ್ವ ಉಳಿದಳು, ನಾನೂ ಉಳಿದೆ. ಅವ್ವ ಅಂದು ಪಟ್ಟ ಪಾಡನ್ನು ಊರು ಬಹಳ ಬೇಗ ಮರೆಯಿತು. ನನ್ನ ಕಾಲನ್ನು ಮಾತ್ರ ಮರೆಯಲಿಲ್ಲ.

ನಮ್ಮ ಕಡೆ ಒಂದು ನಂಬಿಕೆಯಿದೆ. ಕಾಲು ಮುಂದಾಗಿ ಹುಟ್ಟಿದವರು ತುಳಿದರೆ ಬೆನ್ನಿನ ಚಳಕು ಹೋಗುತ್ತದೆ. ಬಗ್ಗಿ ಏಳುವಾಗ ಸೊಂಟದಲ್ಲಿ ಕಟಕ್ಕನೆ ಹಿಡಿದುಕೊಂಡು ಉಸಿರು ನಿಲ್ಲಿಸುತ್ತದಲ್ಲ, ಅದೇ ಚಳಕು. ಹಿಡಿದವರು ನೆಲದ ಮೇಲೆ ಬೋರಲು ಮಲಗಬೇಕು, ನಮ್ಮಂಥವರು ಎಡಗಾಲಿನಿಂದ ಮೂರು ಸಲ ಬೆನ್ನಿನ ಮೇಲಿಂದ ಕೆಳಕ್ಕೆ ಒತ್ತಿಕೊಂಡು ಬರಬೇಕು. ರೊಕ್ಕ ಮುಟ್ಟಬಾರದು, ಮುಟ್ಟಿದರೆ ಕಾಲಿನ ಗುಣ ಹೋಗುತ್ತದೆ. ಅಮಾವಾಸ್ಯೆಯ ದಿನ ತುಳಿದರೆ ಗುಣ ಹೆಚ್ಚು. ನನಗೆ ನಡೆಯಲು ಬರುವ ಮೊದಲೇ ಯಾರ್‍ಯಾರೋ ನನ್ನನ್ನು ಎತ್ತಿಕೊಂಡು ಹೋಗಿ ಯಾರದೋ ಬೆನ್ನಿನ ಮೇಲೆ ನಿಲ್ಲಿಸುತ್ತಿದ್ದರಂತೆ.

ಪಿಯುಸಿ ಮುಗಿಸಿದ ಮೇಲೆ ರೋಣಕ್ಕೆ ಕೊಟ್ಟರು. ಹೆಣ್ಣು ನೋಡಲು ಬಂದ ದಿನ ಅತ್ತೆ ನನ್ನ ಓದು ಕೇಳಲಿಲ್ಲ, ರೊಟ್ಟಿ ಬಡಿಯಲು ಬರುತ್ತದೆಯೇ ಎಂದೂ ಕೇಳಲಿಲ್ಲ. "ಹುಡುಗಿ ಕಾಲ ಮುಂದಾಗಿ ಹುಟ್ಟ್ಯಾಳಂತ, ಖರೇ ಏನ್ರಿ?" ಎಂದು ಕೇಳಿದರು. ಖರೇ ಎಂದಾಗ ತಾಂಬೂಲದ ತಟ್ಟೆ ಮುಂದೆ ಬಂತು. ಅವರದು ಪೇಟೆಯಲ್ಲಿ ಹಿಟ್ಟಿನ ಗಿರಣಿ. ಜೋಳ ಬೀಸಿಸಲು ಬಂದವರು ಬೆನ್ನು ತುಳಿಸಿಕೊಂಡು ಹೋಗುತ್ತಿದ್ದರು, ಬೆನ್ನು ತುಳಿಸಿಕೊಳ್ಳಲು ಬಂದವರು ಬರಿಗೈಯಲ್ಲಿ ಬರಲು ನಾಚಿ ಒಂದಿಷ್ಟು ಜೋಳ ತರುತ್ತಿದ್ದರು. ಹೀಗಾಗಿ ರೊಕ್ಕ ಮುಟ್ಟದ ನನ್ನ ಕಾಲು ಆ ಮನೆಗೆ ಚೆನ್ನಾಗಿಯೇ ದುಡಿಯಿತು.

ಈಗ ಆ ಎಡಗಾಲಿಗೆ ಪ್ಲಾಸ್ಟಿಕ್ಕಿನ ಪಟ್ಟಿ ಕಟ್ಟಿಕೊಂಡು ಇದನ್ನು ಬರೆಯುತ್ತಿದ್ದೇನೆ. ಬೆನ್ನುಹುರಿ, ನರ, ಡಿಸ್ಕು ಎಂದೆಲ್ಲ ಓದಬೇಕಾದವರು ಓದಿಕೊಳ್ಳಲಿ. ಯಾವ ನರ ಏನು ಮಾಡುತ್ತದೆ ಎಂಬುದನ್ನು ನಾನು ಒಂದೊಂದಾಗಿ ಕಳೆದುಕೊಂಡು ಕಲಿತೆ. ಹಾಗೆ ಕಳೆದುಕೊಂಡವರು, ಅದನ್ನು ಯಾರ ಮುಂದೆಯೂ ಹೇಳಲಾಗದೆ ಬಚ್ಚಲಮನೆಯಲ್ಲಿ ಕೂತು ಅತ್ತವರು ಬೇರೆ ಊರುಗಳಲ್ಲಿಯೂ ಇರುತ್ತಾರೆ. ನಾನೂ ಅಲ್ಲಿಯೇ ಕೂತು ಅತ್ತಿದ್ದೇನೆ ಎಂದು ಅವರಿಗೆ ಗೊತ್ತಾಗಲಿ.

ಪಂಚಮಿ ಹತ್ತಿರ ಬಂದಿತ್ತು. ನಮ್ಮಲ್ಲಿ ಪಂಚಮಿಯೆಂದರೆ ಗಿರಣಿಗೆ ಉಸಿರಾಡಲು ಬಿಡುವಿಲ್ಲ. ತಂಬಿಟ್ಟಿಗೆ ಪುಟಾಣಿ, ಉಂಡಿಗೆ ಕಡಲೆ, ಅಳ್ಳಿಟ್ಟಿಗೆ ಹುರಿದ ಜೋಳದ ಅರಳು, ಎಲ್ಲರಿಗೂ ತಮ್ಮದೇ ಮೊದಲು ಆಗಬೇಕು. ನನ್ನ ಗಂಡ ಬಸವರಾಜ ಯಂತ್ರದ ಪಟ್ಟಾ ಸರಿಮಾಡುತ್ತಿದ್ದರು. ಒಬ್ಬಾಕೆ ಅವಸರ ಮಾಡಿದಳೆಂದು ನಾನೇ ಕಡಲೆಯ ಡಬ್ಬಿ ಎತ್ತಿ ಗಿರಣಿಯ ಬಾಯಿಗೆ ಸುರಿಯಲು ಹೋದೆ. ಸೊಂಟದಲ್ಲಿ ಏನೋ ಕಟಕ್ಕೆಂದಿತು. ಅಲ್ಲಿಂದ ಎಡಗಾಲಿನ ಹೆಬ್ಬೆರಳಿನವರೆಗೆ ಖಾರದ ಪುಡಿ ಸುರಿದಂತೆ ಉರಿ ಇಳಿಯಿತು. ಡಬ್ಬಿ ಬಿತ್ತು, ಕಡಲೆ ಚೆಲ್ಲಿತು, ಹಿಟ್ಟಿನ ನೆಲದ ಮೇಲೆ ನಾನೂ ಕುಸಿದು ಕುಳಿತೆ.

ಕೂಡಿದವರು ನಕ್ಕರು. ಕೆಟ್ಟ ನಗುವಲ್ಲ, ನಗು ಬರುವಂಥ ಮಾತೇ ಆಗಿತ್ತು.

"ಊರಿಗೆಲ್ಲಾ ಕಾಲ ಹಚ್ಚಾಕಿಗೆ ಈಗ ಯಾರ ಕಾಲ ಹಚ್ಚೂದ್ರಿ?" ಎಂದಳು ಒಬ್ಬಳು.

ನನ್ನ ಕಾಲು ನನ್ನ ಬೆನ್ನಿಗೆ ಮುಟ್ಟುವಂತಿದ್ದರೆ ಅತ್ತೆ ಅದನ್ನೇ ಮಾಡಿಸುತ್ತಿದ್ದರೋ ಏನೋ. ನನ್ನ ಗಂಡ ಮೆಲ್ಲಗೆ ಕೇಳಿದರು, "ಅವ್ವಾ, ದವಾಖಾನಿಗೆ ಒಮ್ಮೆ ತೋರಿಸ್ಕೊಂಡ ಬರೂಣೇನು?"

"ಹುಚ್ಚ ಹಿಡದೈತೇನ ನಿನಗ?" ಎಂದರು ಅತ್ತೆ. "ಕಾಲ ಮುಂದಾಗಿ ಹುಟ್ಟಿದಾಕಿನ ಚಳಕಿಗೆ ಸೂಜಿ ಮಾಡಿಸಿದ್ರಂತ ಅಂದ್ರ ನಾಳೆ ಈಕಿ ಕಡೆ ಯಾರ ಬರ್ತಾರ? ಲಕ್ಕಲಕಟ್ಟಿಯೊಳಗ ಒಬ್ಬಾತ ಅದಾನ, ಇಕಿನ ಹಂಗ ಹುಟ್ಟಿದಾತ. ಭಾರೀ ಕಾಲಂತ ಅವಂದು. ಅಮಾಸಿ ಎಷ್ಟ ದೂರ ಐತಿ? ಅಲ್ಲೀತನಾ ತಡದ್ರ ಆತು."

ಅಮಾವಾಸ್ಯೆ ದೂರವಿರಲಿಲ್ಲ, ನಾಗರ ಅಮಾವಾಸ್ಯೆ ಪಂಚಮಿಗಿಂತ ಮೊದಲೇ ಬರುತ್ತದಲ್ಲ. ಆದರೆ ಬೆನ್ನಿಗೆ ಅದು ಬಹಳ ದೂರವಿತ್ತು. ಮಲಗಿದರೆ ಏಳಲಾಗದು, ಎದ್ದರೆ ನಿಲ್ಲಲಾಗದು, ಸೀನು ಬಂದರೆ ಜೀವ ಹೋದಂತೆ. ಅತ್ತೆ ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ಶಾಖ ಕೊಟ್ಟರು. ಅದನ್ನು ಮರೆತರೆ ನನ್ನ ನಾಲಿಗೆ ಬಿದ್ದುಹೋಗಲಿ. ಬಗ್ಗಲಾಗದ ತಮ್ಮ ಮೊಣಕಾಲನ್ನು ಮಡಚಿ, ನನ್ನ ಪಕ್ಕ ಕೂತು, ತಾಸುಗಟ್ಟಲೆ ಶಾಖ ಕೊಟ್ಟರು. ಪ್ರೀತಿಯಿಲ್ಲದೆ ಯಾರೂ ಹಾಗೆ ಕೂರುವುದಿಲ್ಲ. ಆ ಪ್ರೀತಿಗೆ ದವಾಖಾನೆಯ ದಾರಿ ಒಂದು ಗೊತ್ತಿರಲಿಲ್ಲ ಅಷ್ಟೆ.

ಅಮಾವಾಸ್ಯೆಯ ದಿನ ಗಂಡ ಬೈಕಿನ ಮೇಲೆ ಕೂರಿಸಿಕೊಂಡು ಹೊರಟರು. ರೋಣದಿಂದ ಗಜೇಂದ್ರಗಡಕ್ಕೆ, ಅಲ್ಲಿಂದ ಲಕ್ಕಲಕಟ್ಟಿಗೆ. ಗುಡ್ಡದ ಮೇಲಿನ ಗಾಳಿಯಂತ್ರಗಳು ಕಾಣುವವರೆಗೆ ಹಲ್ಲು ಕಚ್ಚಿ ಕುಳಿತಿದ್ದೆ. ಆಮೇಲೆ ಗಂಡನ ಅಂಗಿಯನ್ನು ಹಿಂದಿನಿಂದ ಕಚ್ಚಿಕೊಂಡೆ. ಪ್ರತಿ ತಗ್ಗಿಗೂ ಅವರು "ಆತ, ಬಂತ ಊರು" ಎನ್ನುತ್ತಿದ್ದರು. ಊರು ಬರಲಿಲ್ಲ, ತಗ್ಗುಗಳು ಬಂದವು.

ಲಕ್ಕಲಕಟ್ಟಿಯ ಆ ಮನುಷ್ಯ ಎತ್ತರದವನು, ಮೈತುಂಬ ಶಕ್ತಿಯವನು, ಮಾತು ಮಾತ್ರ ಮೆತ್ತಗೆ. ಕಾಲು ತೊಳೆದುಕೊಂಡು, ದೇವರಿಗೆ ಕೈಮುಗಿದು ಬಂದ. ನಾನು ಅವನ ಮನೆಯ ಪಡಸಾಲೆಯಲ್ಲಿ ಬೋರಲು ಮಲಗಿದ್ದೆ. ಆ ನೆಲದಿಂದ ಸಗಣಿ ಸಾರಿಸಿದ ವಾಸನೆ ಬರುತ್ತಿತ್ತು. ನಾನು ಅಷ್ಟು ವರ್ಷ ಮೇಲೆ ನಿಂತು ನೋಡಿದ್ದ ಜಾಗ ಕೆಳಗಿನಿಂದ ಹೀಗಿರುತ್ತದೆಯೆಂದು ಮೊದಲ ಸಲ ತಿಳಿಯಿತು.

"ತಂಗಿ, ಉಸರ ಹಿಡಕೋ. ಹೆದರಬ್ಯಾಡ, ನೀನೂ ನಮ್ಮ ಪೈಕಿನ ಅಲಾ," ಎಂದ.

ಮೂರು ಸಲ ತುಳಿದ. ಮೂರನೆಯ ಸಲ ಕಣ್ಣು ಕತ್ತಲಾಯಿತು. "ಹಗುರಾತೇನವಾ?" ಎಂದು ಕೇಳಿದ. ಹಗುರಾಯಿತು ಎಂದೆ. ಕಾಲು ತೊಳೆದುಕೊಂಡು ಬಂದು, ರೊಕ್ಕ ಮುಟ್ಟದೆ ನಮ್ಮ ಬೆನ್ನು ತುಳಿದವರಿಗೆ ಬೇರೇನು ಹೇಳಲು ಸಾಧ್ಯ? ನನಗೂ ಎಲ್ಲರೂ ಹಗುರಾಯಿತು ಎಂದೇ ಹೇಳಿದ್ದರು. ಅವರಲ್ಲಿ ಎಷ್ಟು ಜನ ಮನೆಯವರೆಗೆ ಹಲ್ಲು ಕಚ್ಚಿಕೊಂಡು ಹೋಗಿದ್ದರೋ ದೇವರೇ ಬಲ್ಲ.

ಆದರೆ ನಿಜವಾಗಿಯೂ ಒಂದು ಪವಾಡ ನಡೆಯಿತು. ಮನೆಗೆ ಬಂದು ಮಲಗಿ ಮರುದಿನ ಎದ್ದಾಗ ಉರಿ ಇರಲಿಲ್ಲ. ಕಾಲಿನಲ್ಲಿ ನೋವೇ ಇರಲಿಲ್ಲ. ಅತ್ತೆ ಗಿರಣಿಯ ಮುಂದೆ ನಿಂತು ಬಂದವರಿಗೆಲ್ಲ ಹೇಳಿದರು, "ನೋಡ್ರಿ, ನಾ ಹೇಳಿದ್ದಿಲ್ಲಾ? ಮುಂಜಾನೆದ್ದು ತಾನ ನಡಕೋತ ಬಂದ್ಲು."

ನೋವು ಒಂದೇ ಹೋಗಿರಲಿಲ್ಲ. ನೋವನ್ನು ಹೇಳುವ ನರವೇ ಸುಮ್ಮನಾಗಿತ್ತು. ಅದು ನನಗೆ ಬಚ್ಚಲಮನೆಯಲ್ಲಿ ಗೊತ್ತಾಯಿತು. ತೊಡೆಯ ಸಂದಿಯಲ್ಲಿ ನೀರು ಹಾಕಿಕೊಂಡರೆ ನೀರು ಬಿಸಿಯೋ ತಣ್ಣಗೋ ತಿಳಿಯಲಿಲ್ಲ. ಕುಳಿತರೆ ಮಣೆಯ ಮೇಲೆ ಕುಳಿತಿದ್ದೇನೆಂಬುದು ಕಣ್ಣಿಗೆ ಕಾಣುತ್ತಿತ್ತೇ ಹೊರತು ಮೈಗೆ ತಿಳಿಯುತ್ತಿರಲಿಲ್ಲ. ಒಂದಕ್ಕೆ ಹೋಗಲು ಕುಳಿತೆ. ಬರಲಿಲ್ಲ. ಎದ್ದು ಬಂದೆ, ಮತ್ತೆ ಹೋದೆ. ಬರಲಿಲ್ಲ.

ಇದನ್ನು ಯಾರಿಗೆ ಹೇಳಬೇಕು? ನನ್ನ ಮೈಯಲ್ಲಿ ಹೆಸರು ಹೇಳಲಾಗದ ಜಾಗಗಳೆಲ್ಲ ಒಟ್ಟಿಗೆ ಸತ್ತಿದ್ದವು. ತಲೆನೋವಾದರೆ ಓಣಿಗೆಲ್ಲ ಕೇಳುವಂತೆ ಹೇಳಬಹುದು. ಇದನ್ನು ಗಂಡನ ಕಿವಿಯಲ್ಲಿ ಹೇಳಿದೆ. ಅವರ ಮುಖ ಕೆಂಪಾಯಿತು, "ಅವ್ವಗ ಹೇಳು" ಎಂದು ಗಿರಣಿ ಚಾಲೂ ಮಾಡಿದರು. ಆ ಸದ್ದಿನಲ್ಲಿ ಮುಂದಿನ ಮಾತು ಯಾರಿಗೂ ಕೇಳಬೇಕಾಗಿರಲಿಲ್ಲ. ನನ್ನ ಗಂಡ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಬೈದು ಹಗುರಾಗುತ್ತಿದ್ದೆ.

ಅತ್ತೆಗೆ ಅರ್ಧ ಹೇಳಿದೆ, ಒಂದಕ್ಕೆ ಬರುತ್ತಿಲ್ಲ ಎಂಬುದನ್ನು ಮಾತ್ರ.

"ಉಷ್ಣ ಆಗೇತಿ," ಎಂದರು. "ಕೊತ್ತಂಬರಿ ಬೀಜ ನೆನಸಿ ಕೊಡ್ತೇನಿ, ತಾನ ಬರ್ತೈತಿ."

ಕೊತ್ತಂಬರಿ ನೀರು ಕುಡಿದೆ. ಮಜ್ಜಿಗೆ ಕುಡಿದೆ. ಎಳನೀರು ತರಿಸಿದರು, ಅದನ್ನೂ ಕುಡಿದೆ. ಬಾಗಿಲು ಮುಚ್ಚಿದ ಮನೆಯೊಳಗೆ ಮಂದಿಯನ್ನು ತುಂಬುತ್ತಲೇ ಇದ್ದೆವು. ಸಂಜೆಯ ಹೊತ್ತಿಗೆ ಹೊಟ್ಟೆ ಬಸುರಿಯಂತೆ ಉಬ್ಬಿತು. ಹೊಟ್ಟೆ ನೋಯಬೇಕಿತ್ತು, ಅದೂ ಸರಿಯಾಗಿ ನೋಯಲಿಲ್ಲ. ನೋವಿಲ್ಲದ ಆ ಉಬ್ಬರದಷ್ಟು ಹೆದರಿಕೆ ನನಗೆ ಬದುಕಿನಲ್ಲಿ ಮತ್ತಾವುದರಿಂದಲೂ ಆಗಿಲ್ಲ.

ಮರುದಿನ ಅಸೂಟಿಯಿಂದ ಅಣ್ಣ ಬಂದ, ಪಂಚಮಿಗೆ ಕರೆದೊಯ್ಯಲು. ಪ್ರತಿವರ್ಷ ಬರುತ್ತಾನೆ. ಅವನ ದನಿ ಕೇಳಿ ಬಾಗಿಲಿಗೆ ಹೋದೆ. ಅಣ್ಣ ನನ್ನ ಮುಖ ನೋಡಲಿಲ್ಲ, ಕಾಲು ನೋಡಿದ.

"ತಂಗಿ, ಒಂದ ಕಾಲಾಗ ಚಪ್ಪಲಿನ ಇಲ್ಲಲ್ಲವಾ?"

ನೋಡಿದೆ. ಬಲಗಾಲಿನಲ್ಲಿ ಚಪ್ಪಲಿಯಿತ್ತು. ಎಡಗಾಲಿನದು ಅಂಗಳದ ನಡುವೆ ಮಗುಚಿ ಬಿದ್ದಿತ್ತು. ಎರಡನ್ನೂ ಹಾಕಿಕೊಂಡೇ ಬಂದಿದ್ದೆ. ಒಂದು ಕಳಚಿದ್ದು ನನಗೆ ತಿಳಿದಿರಲಿಲ್ಲ. ಬರಿಗಾಲಿನ ಪಾದ ಗಿರಣಿಯ ಮುಂದಿನ ಜಲ್ಲಿಕಲ್ಲಿನ ಮೇಲಿತ್ತು, ಬೆರಳಿನಿಂದ ರಕ್ತ ಬರುತ್ತಿತ್ತು. ಆಗ ಅತ್ತುಬಿಟ್ಟೆ, ಎಲ್ಲವನ್ನೂ ಅಣ್ಣನಿಗೆ ಹೇಳಿಬಿಟ್ಟೆ, ಹೆಸರು ಹೇಳಲಾಗದ ಜಾಗಗಳನ್ನೂ. ಒಡಹುಟ್ಟಿದ ಗಂಡಸಿನ ಮುಂದೆ ಅದನ್ನು ಹೇಳಿದ ನಾಚಿಕೆ ಇವತ್ತಿಗೂ ಹೋಗಿಲ್ಲ. ಹೇಳದಿದ್ದರೆ ಏನಾಗುತ್ತಿತ್ತೆಂಬುದೂ ಗೊತ್ತಿದೆ.

ಅತ್ತೆ ಒಳಗಿನಿಂದಲೇ ಅಂದರು, "ಕರಕೊಂಡ ಹೋಗ್ರಿ ಊರಿಗೆ. ನಾಕ ದಿವಸ ಜೋಕಾಲಿ ಆಡಿದ್ರ ಮೈಯಾಗಿಂದ ಎಲ್ಲಾ ಸಡ್ಲ ಆಕ್ಕೈತಿ."

ಅಣ್ಣ ಆಟೋ ತರಿಸಿ ರೋಣದ ಸರಕಾರಿ ದವಾಖಾನೆಗೆ ಒಯ್ದ. ನನ್ನ ಗಂಡನೂ ಹಿಂದೆ ಬೈಕಿನಲ್ಲಿ ಬಂದರು. ಅಲ್ಲಿ ಜ್ವರದವರು, ಕೆಮ್ಮಿನವರು, ಬಾಣಂತಿಯರು ಸಾಲಾಗಿ ಕುಳಿತಿದ್ದರು. ನಮ್ಮ ಗಿರಣಿಗೆ ಬರುವ ಇಬ್ಬರು ಹೆಂಗಸರೂ ಇದ್ದರು. "ಏನವಾ ಗಿರಿಜಾ, ನೀ ಇಲ್ಲೆ?" ಎಂದು ಬೆರಗಾದರು. ನಾನು ನಿಂತೇ ಇದ್ದೆ, ಕೂತರೆ ಕೂತದ್ದು ತಿಳಿಯದೆಂಬ ಹೆದರಿಕೆಗೆ.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಬೆನ್ನು ಎಂದ ಕೂಡಲೇ ತಲೆಯೆತ್ತಿ ನನ್ನ ನಡಿಗೆ ನೋಡಿದರು. ಬಾಗಿಲಲ್ಲಿ ಹತ್ತು ಜನ ನಿಂತಿದ್ದಾಗಲೇ ಕೇಳಿದರು.

"ಒಂದಕ್ಕ ಹೋಗ್ತದೇನ್ರಿ? ಯಾವಾಗಿಂದ ಬಂದಿಲ್ಲ? ಕೂತ ಜಾಗದಾಗ ಮುಟ್ಟಿದ್ರ ಗೊತ್ತಾಗ್ತದೇನು?"

ಆ ಹತ್ತು ಜನರ ಕಿವಿ ನೆಟ್ಟಗಾದದ್ದು ನನಗೆ ಕಂಡಿತು. ಅಣ್ಣ ಗೋಡೆಯ ಕಡೆ ತಿರುಗಿ ನಿಂತ. ಮಂದಿಯನ್ನು ಹೊರಗೆ ಕಳಿಸಿ ಕೇಳಬಾರದಿತ್ತೇ ಎಂದು ಆಗ ಅವರ ಮೇಲೆ ಸಿಟ್ಟು ಬಂತು. ಆದರೆ ಅಷ್ಟು ದಿನಗಳಲ್ಲಿ ಆ ಪ್ರಶ್ನೆ ಕೇಳಿದವರು ಅವರೊಬ್ಬರೇ. ಅತ್ತೆ ಕೇಳಿರಲಿಲ್ಲ, ಗಂಡ ಕೇಳಿರಲಿಲ್ಲ, ಲಕ್ಕಲಕಟ್ಟಿಯವನು ಕೇಳಿರಲಿಲ್ಲ. ನನ್ನ ಕಾಲ ಕೆಳಗೆ ಮಲಗಿದವರನ್ನು ನಾನೂ ಕೇಳಿರಲಿಲ್ಲ.

ಪರದೆಯ ಹಿಂದೆ ಕರೆದೊಯ್ದು ಪೈಪು ಹಾಕಿದರು. ಪೈಪು ಹೋದದ್ದು ತಿಳಿಯಲಿಲ್ಲ, ಚೀಲ ತುಂಬುತ್ತಾ ಹೋದದ್ದು ಕಂಡಿತು. ಒಂದು ಚೀಲ ತುಂಬಿ ಇನ್ನೊಂದು ಹಾಕಿದರು. ಹೊಟ್ಟೆ ಇಳಿಯಿತು. ಅಲ್ಲಿದ್ದ ಸಿಸ್ಟರು ನನ್ನ ಹಣೆಯ ಬೆವರನ್ನು ತಮ್ಮ ಕರವಸ್ತ್ರದಿಂದ ಒರೆಸಿ, "ಅಳ್ರಿ, ಅಳ್ರಿ, ಇಲ್ಲೆ ಯಾರೂ ಇಲ್ಲ," ಎಂದರು. ನನ್ನ ಕಥೆಯಲ್ಲಿ ದೇವರು ಕಾಣಿಸಿಕೊಂಡದ್ದು ಅಷ್ಟೇ, ಆ ಕರವಸ್ತ್ರದಷ್ಟು.

"ಇವತ್ತ ಹುಬ್ಬಳ್ಳಿಗೆ ಹೋಗ್ಬೇಕು. ಈಗ. ನಾಳೆ ಅಲ್ಲ," ಎಂದರು ಡಾಕ್ಟರು. "ನರಗಳ ಮ್ಯಾಲೆ ಒತ್ತು ಬಿದ್ದೈತಿ. ಎಷ್ಟ ತಡಾ ಆಕ್ಕೈತಿ ಅಷ್ಟ ಕಳಕೋತೀರಿ."

ನನ್ನ ಗಂಡ ಫೋನು ಕೈಗೆ ತೆಗೆದುಕೊಂಡರು. "ಅವ್ವನ್ನ ಒಂದ ಮಾತ ಕೇಳ್ತೇನಿ."

ನನ್ನ ಅಣ್ಣ ಬೀಗರ ಮನೆಯವರ ಮುಂದೆ ದನಿ ಎತ್ತಿದವನಲ್ಲ. ಅಂದು ಎತ್ತಿದ. "ಮಾವಾರ, ನಿಮ್ಮವ್ವ ಏನ ಆಪರೇಷನ್ ಮಾಡ್ತಾರೇನ್ರಿ? ಫೋನ್ ಕಿಸೇದಾಗ ಇಡ್ರಿ, ಆಂಬುಲೆನ್ಸ್ ಹತ್ರಿ."

ಗಂಡ ಫೋನು ಇಟ್ಟರು, ಆಂಬುಲೆನ್ಸು ಹತ್ತಿದರು. ನರಗುಂದ ದಾಟಿದ ಮೇಲೆ ನನ್ನ ಕಾಲಿನ ಬೆರಳು ಹಿಡಿದುಕೊಂಡು ಕುಳಿತರು. ಹಿಡಿದದ್ದು ನನಗೆ ಕಾಣುತ್ತಿತ್ತು.

ಹುಬ್ಬಳ್ಳಿಯ ದವಾಖಾನೆಯಲ್ಲಿ ಯಂತ್ರದೊಳಗೆ ಮಲಗಿಸಿ ಚಿತ್ರ ತೆಗೆದರು. ವಯಸ್ಸಾದ ಡಾಕ್ಟರು ಅದನ್ನು ಬೆಳಕಿಗೆ ಹಿಡಿದು ತೋರಿಸಿದರು. ಬೆನ್ನುಹುರಿ ಸೊಂಟದ ಮೇಲೆಯೇ ಮುಗಿದುಹೋಗುತ್ತದಂತೆ. ಅಲ್ಲಿಂದ ಕೆಳಗೆ ಎಳೆ ಎಳೆಯಾಗಿ ನರಗಳು ಇಳಿಬಿದ್ದಿರುತ್ತವೆ, ಕುದುರೆಯ ಬಾಲದಂತೆ ಎಂದರು. ನನಗೆ ಹೆರಳಿಗೆ ಕಟ್ಟುವ ಚೌರಿಯ ತುದಿ ನೆನಪಾಯಿತು. ಕಾಲಿಗೆ ಹೋಗುವ ಎಳೆಗಳು, ಮೂತ್ರದ ಎಳೆಗಳು, ನಾಚಿಕೆಯ ಜಾಗಗಳಿಗೆ ಹೋಗುವ ಎಳೆಗಳು, ಎಲ್ಲ ಒಂದೇ ಚೌರಿಯಲ್ಲಿ. ಅದರ ಮೇಲೆ ಜಾರಿದ ಡಿಸ್ಕು ಬಾಗಿಲಿಗೆ ಸಿಕ್ಕ ಬೆರಳನ್ನು ಒತ್ತಿದಂತೆ ಒತ್ತಿ ಕುಳಿತಿತ್ತು.

"ತುಳಿಸಿಕೊಂಡದ್ದಕ್ಕ ಹಿಂಗ ಆತೇನ್ರಿ?" ಎಂದು ಕೇಳಿದೆ.

ಅವರು ಕನ್ನಡಕ ತೆಗೆದರು. "ಅದರಿಂದನ ಆತು ಅಂತ ಹೇಳಾಕ ಬರೂದಿಲ್ಲಮ್ಮ. ಮೊದಲ ಜಾರಿರಬಹುದು, ತುಳಿದದ್ದಕ್ಕ ಇನ್ನಷ್ಟು ಜಾರಿರಬಹುದು. ಆದರ ತಡಾ ಆಗೈತಿ. ಅದನ್ನ ಮಾತ್ರ ಖಾತ್ರಿಯಿಂದ ಹೇಳ್ತೇನಿ."

ಬೈಯಲು ಒಬ್ಬ ಮನುಷ್ಯ ಬೇಕಿತ್ತು ನನಗೆ. ಅವರು ಕೊಟ್ಟದ್ದು ತಡ ಎಂಬ ಒಂದು ಮಾತು. ಅದಕ್ಕೆ ಮುಖವಿಲ್ಲ, ಹಿಡಿದು ಅಲ್ಲಾಡಿಸಲು ಕೊರಳಿಲ್ಲ.

ಆಪರೇಷನ್ ಆಯಿತು. ಆಮೇಲೆ ಶುರುವಾದದ್ದು ಕಾಯುವ ಕೆಲಸ. ನರಗಳು ಒತ್ತಿನಿಂದ ಬಿಡುಗಡೆಯಾದವು, ಎಷ್ಟು ಮರಳಿ ಬರುತ್ತವೆಂದು ಯಾರೂ ಹೇಳಲಾರರು ಎಂದರು. ಒಮ್ಮೊಮ್ಮೆ ಪೈಪು ತೆಗೆದು ನನ್ನನ್ನು ಬಚ್ಚಲಿಗೆ ಕಳಿಸುತ್ತಿದ್ದರು. ಒಂದಕ್ಕೆ ತಾನಾಗಿ ಬಂದರೆ ಪೈಪು ಬೇಡ, ಬರದಿದ್ದರೆ ಮತ್ತೆ ಪೈಪು. ನನ್ನ ಇಡೀ ಬದುಕು ಆ ನಾಲ್ಕು ಹನಿಯ ಮೇಲೆ ನಿಂತಿತ್ತು. ದೇವರ ಮುಂದೆ ನಾನು ಮಕ್ಕಳಿಗಾಗಿ ಬೇಡಿಕೊಂಡಿದ್ದೆ, ಗಿರಣಿಗಾಗಿ ಬೇಡಿಕೊಂಡಿದ್ದೆ. ಉಚ್ಚೆಗಾಗಿ ಬೇಡಿಕೊಳ್ಳುವ ದಿನ ಬರುತ್ತದೆಂದು ಗೊತ್ತಿರಲಿಲ್ಲ.

ಪಕ್ಕದ ಮಂಚದಲ್ಲಿ ಹೊಳೆಮಣ್ಣೂರಿನ ಒಬ್ಬ ಅಕ್ಕ ಇದ್ದಳು, ಕೊರಳಿನ ನರದ ಆಪರೇಷನ್ ಆದವಳು. ಮಲಪ್ರಭೆ ತುಂಬಿದಾಗಲೆಲ್ಲ ಮನೆ ಬಿಟ್ಟು ಓಡುವ ಊರು ಅದು. ನಾನು ಬಚ್ಚಲಿನಿಂದ ಬರಿದೇ ಮರಳಿ ಬಂದಾಗ ಅವಳು ಕೊರಳ ಪಟ್ಟಿಯೊಳಗಿಂದಲೇ ಹೇಳಿದಳು.

"ನಮ್ಮೂರಾಗ ಬ್ಯಾಡ ಬ್ಯಾಡ ಅಂದ್ರೂ ನೀರ ಒಳಗ ಬರ್ತಾವು. ನಿನಗ ಕೈಮುಗದ ಕರದ್ರೂ ಬರವಲ್ವು. ದೇವ್ರಿಗೆ ಲೆಕ್ಕ ಬರಂಗಿಲ್ಲ ನೋಡ ತಂಗಿ."

ವಾರ್ಡಿನಲ್ಲಿ ಎಲ್ಲರೂ ನಕ್ಕರು. ನಾನೂ ನಕ್ಕೆ. ಹೊಲಿಗೆ ಎಳೆಯಿತು, ಆದರೂ ನಕ್ಕೆ. ಆಮೇಲೆ ನಾನು ಬಚ್ಚಲಿಗೆ ಹೋದಾಗಲೆಲ್ಲ ಅವಳು ಗೋಡೆ ಹಿಡಿದುಕೊಂಡು ಬಂದು ಹೊರಗಿನ ನಲ್ಲಿಯನ್ನು ಬಿಡುತ್ತಿದ್ದಳು, ನೀರಿನ ಸದ್ದಿಗೆ ಬಂದೀತೆಂದು.

ಒಮ್ಮೆ ಬಂತು. ಸ್ವಲ್ಪವೇ ಬಂತು. ಬಂದದ್ದು ಮೈಗೆ ತಿಳಿಯಲಿಲ್ಲ, ಕಿವಿಗೆ ಕೇಳಿತು. ಒಳಗಿನಿಂದಲೇ "ಅಕ್ಕಾ!" ಎಂದು ಕೂಗಿದೆ. ಹೊರಗಿನಿಂದ ಅವಳೂ ಕೂಗಿದಳು. ಆ ಸಂತೋಷವನ್ನು ನಾನು ಯಾರಿಗೂ ಸರಿಯಾಗಿ ಹೇಳಲಾರೆ, ಹೇಳಿದರೆ ಮೂಗು ಮುಚ್ಚಿಕೊಳ್ಳುತ್ತಾರೆ.

ಮರಳಿ ಬಂದದ್ದು ಅಷ್ಟೇ. ಇವತ್ತಿಗೂ ನನಗೆ ಅವಸರ ತಿಳಿಯುವುದಿಲ್ಲ. ಗಡಿಯಾರ ನೋಡಿ ಹೋಗುತ್ತೇನೆ, ಉಳಿದದ್ದನ್ನು ಸಿಸ್ಟರು ಕಲಿಸಿದಂತೆ ತೆಳ್ಳನೆಯ ಪೈಪಿನಿಂದ ನಾನೇ ತೆಗೆದುಕೊಳ್ಳುತ್ತೇನೆ. ಎಡ ಪಾದ ಮೇಲಕ್ಕೆ ಏಳುವುದಿಲ್ಲ, ಅದಕ್ಕೇ ಈ ಪಟ್ಟಿ. ಗಂಡಹೆಂಡಿರ ನಡುವಿನ ಮಾತನ್ನು ಇಲ್ಲಿ ಬರೆಯುವುದಿಲ್ಲ. ಅಲ್ಲಿಗೂ ಅದೇ ಚೌರಿಯ ಎಳೆಗಳು ಹೋಗುತ್ತವೆ ಎಂದರೆ ತಿಳಿಯುವವರಿಗೆ ತಿಳಿಯುತ್ತದೆ.

ಮನೆಗೆ ಬಂದಾಗ ನನ್ನ ರೋಗಕ್ಕೆ ಊರಿನಲ್ಲಿ ಆಗಲೇ ಒಂದು ಕಾರಣ ಹುಟ್ಟಿತ್ತು. ಅತ್ತೆಯೇ ಹುಟ್ಟಿಸಿದ್ದರು.

"ಮಂದಿ ಚಳಕೆಲ್ಲಾ ತನ್ನ ಬೆನ್ನಿಗೆ ತುಗೊಂಡ್ಲು ನಮ್ಮ ಗಿರಿಜಾ. ಅಷ್ಟ ವರ್ಷದ್ದು ಒಮ್ಮೆಲೇ ಬಂದು ಕುಂತು."

ಇದನ್ನು ಕೇಳಿ ಜನ ಬರುವುದು ನಿಲ್ಲಬೇಕಿತ್ತು. ಇನ್ನೂ ಹೆಚ್ಚಾಯಿತು. ಪಟ್ಟಿ ಕಟ್ಟಿದ ಕಾಲಿಗೆ ಹಣೆ ಹಚ್ಚಿ ನಮಸ್ಕಾರ ಮಾಡಿದರು. ಯಾರು ಮುಟ್ಟಿದರು, ಯಾರು ಬಿಟ್ಟರು, ನನಗೆ ತಿಳಿಯಲಿಲ್ಲ. ಸತ್ತ ಕಾಲಿಗೆ ಸಿಕ್ಕ ಮರ್ಯಾದೆ ಬದುಕಿದ್ದಾಗ ನನಗೆ ಸಿಕ್ಕಿದ್ದರೆ ಒಂದು ಆಟೋ ಅಮಾವಾಸ್ಯೆಗಿಂತ ಮೊದಲೇ ಬರುತ್ತಿತ್ತು.

ನಾನು ಯಾರನ್ನೂ ತುಳಿಯಲಿಲ್ಲ. ಬಂದವರನ್ನು ಗಿರಣಿಯ ಕಟ್ಟೆಯ ಮೇಲೆ ಕೂರಿಸಿ ಆ ಡಾಕ್ಟರಮ್ಮನ ಪ್ರಶ್ನೆಗಳನ್ನು ಕೇಳತೊಡಗಿದೆ. ಒಂದಕ್ಕೆ ಬರುತ್ತದೆಯೇ? ಕೂತ ಜಾಗ ಜೋಮು ಹಿಡಿದಿದೆಯೇ? ಚಪ್ಪಲಿ ಕಳಚಿದರೆ ತಿಳಿಯುತ್ತದೆಯೇ? ದವಾಖಾನೆಗೆ ಹೋಗಿದ್ದೀರಾ? ಹೆಂಗಸರು ಸೆರಗು ಬಾಯಿಗೆ ಹಿಡಿದುಕೊಂಡು ಓಡಿದರು. ಒಬ್ಬ ಮುದುಕ ಕೋಲು ಬಡಿದು ಎದ್ದು ನಿಂತ.

"ಬೆನ್ನ ತುಳಸ್ಕೋಬೇಕಂತ ನರಗುಂದದಿಂದ ಬಸ್ ಹತ್ತಿ ಬಂದೇನಿ. ನಿನ್ನ ಮುಂದ ಉಚ್ಚಿ ಸುದ್ದಿ ಹೇಳಾಕ ಬಂದಿಲ್ಲ."

"ಹಂಗಾರ ಬಂದ ಬಸ್ಸಿಗೆ ಹೋಗ್ರಿ ಯಜ್ಜಾ," ಎಂದೆ. ಹೋದ. ಅವನ ಜೋಳವೂ ಹೋಯಿತು. ಅತ್ತೆ ಒಂದು ವಾರ ನನ್ನ ಜೊತೆ ಮಾತು ಬಿಟ್ಟರು. ನನಗೆ ಆ ವಾರ ಹಬ್ಬದಂತಿತ್ತು.

ಈಗ ಹೇಳಬೇಕಾದದ್ದು ಇತ್ತೀಚಿನ ಮಾತು. ಒಂದು ದಿನ ಬೆಳಗ್ಗೆ ಅತ್ತೆ ನೀರಿನ ಕೊಡ ಎತ್ತಲು ಬಗ್ಗಿದವರು ಬಗ್ಗಿದಲ್ಲೇ ಉಳಿದರು. ಹೇಗೋ ಗಿರಣಿಯ ಪಡಸಾಲೆಗೆ ತಂದು ಚಾಪೆಯ ಮೇಲೆ ಬಿಟ್ಟೆವು. ಅವರು ತಾವೇ ಬೋರಲಾಗಿ ಮಲಗಿ, ಕೈಯಿಂದ ನೆಲ ತಟ್ಟಿ ಕರೆದರು.

"ಗಿರಿಜಾ, ಬಾರವಾ. ಇವತ್ತ ಅಮಾಸಿ ಐತಿ. ಒಂದ ಸಲ ಕಾಲ ಹಚ್ಚು."

ಹೌದು, ಅಮಾವಾಸ್ಯೆಯೇ ಆಗಿತ್ತು. ಗಿರಣಿಗೆ ಪೂಜೆ ಮಾಡಿ ತೆಂಗಿನಕಾಯಿ ಒಡೆದಿದ್ದ ಹೋಳುಗಳು ಅಲ್ಲೇ ಇದ್ದವು. ನಾನು ಪಟ್ಟಿಯ ಕಾಲನ್ನು ಎಳೆದುಕೊಂಡು ಹೋಗಿ, ಗೋಡೆ ಹಿಡಿದು, ಅವರ ಪಕ್ಕ ಕುಳಿತೆ. ತುಳಿಯಬಹುದಿತ್ತು. ಎಷ್ಟು ಭಾರ ಬಿಡುತ್ತಿದ್ದೇನೆಂದು ನನ್ನ ಕಾಲಿಗೆ ತಿಳಿಯುತ್ತಿರಲಿಲ್ಲ, ಯಾರೂ ನನ್ನನ್ನು ಬೈಯುವಂತೆಯೂ ಇರಲಿಲ್ಲ. ಅದು ಮನಸ್ಸಿಗೆ ಬರಲಿಲ್ಲವೆಂದರೆ ಸುಳ್ಳಾಗುತ್ತದೆ. ಬಂತು, ಹೋಯಿತು.

"ಅತ್ತಿ, ಒಂದಕ್ಕ ಹೋಗಿ ಬಂದೀರೇನ್ರಿ?"

ಅವರು ಮುಖವನ್ನು ಚಾಪೆಗೆ ಒತ್ತಿಕೊಂಡರು. ಎರಡನೆಯ ಸಲ ಕೇಳಿದಾಗ ಚಾಪೆಯೊಳಗಿಂದಲೇ ದನಿ ಬಂತು.

"ಮುಂಜಾನಿಂದ ಹೋಗಿಲ್ಲವಾ. ಎಡಗಾಲ ಜೋಮ ಹಿಡದಂಗ ಆಗೇತಿ."

ನಾನು ಗಂಡನನ್ನು ಕೂಗಿದೆ. ಅವರು ಗಿರಣಿಯನ್ನು ಬಂದ್ ಮಾಡಿದರು. ಬೀಸುತ್ತಿದ್ದ ಜೋಳ ಅರ್ಧಕ್ಕೆ ನಿಂತಿತು. ನಾನು ಹೇಳಿದ ಎರಡು ಮಾತು ಕೇಳಿದ್ದೇ ತಡ, ಬರಿಗಾಲಲ್ಲಿ ಓಡಿಹೋಗಿ ಎದುರು ಮನೆಯವರ ಕಾರು ತಂದರು. ಹಿಂದಿನ ಸೀಟಿಗೆ ದುಪ್ಪಡಿ ಹಾಸಿದರು, ತಲೆದಿಂಬು ಇಟ್ಟರು. ತಾಯಿಯನ್ನು ಕೂಸಿನಂತೆ ಎತ್ತಿಕೊಂಡು ಹೋಗಿ ಮಲಗಿಸಿದರು. "ಸಾವಕಾಶ ಹೊಡೀರಿ, ತಗ್ಗದಾವು," ಎಂದು ಓಡಿಸುವವನಿಗೆ ಹೇಳಿದರು. ಒಲೆಯ ಮೇಲೆ ಇಟ್ಟಿದ್ದ ಚಹಾ ಇನ್ನೂ ಕುದಿ ಬಂದಿರಲಿಲ್ಲ. ಅವ್ವನನ್ನು ಒಂದು ಮಾತು ಕೇಳುತ್ತೇನೆ ಎನ್ನುವ ಮಾತೂ ಬರಲಿಲ್ಲ, ಅಮಾವಾಸ್ಯೆ ಎನ್ನುವ ಮಾತೂ ಬರಲಿಲ್ಲ. ನಾನು ಬಾಗಿಲಲ್ಲಿ ನಿಂತು ಕಾರು ಹೋಗುವುದನ್ನು ನೋಡಿದೆ.

ಸಂಜೆಗೆ ಮರಳಿ ಬಂದರು. ಚಿಂತೆಯಿಲ್ಲ, ಬರೀ ಸ್ನಾಯು ಹಿಡಿದುಕೊಂಡಿತ್ತು. ನೀರು ಕುಡಿಯದೆ ಒಂದಕ್ಕೆ ಬಂದಿರಲಿಲ್ಲ, ದವಾಖಾನೆಯಲ್ಲಿಯೇ ಆಯಿತಂತೆ. ಗುಳಿಗೆ ಕೊಟ್ಟು, ಮಲಗಿರಲು ಹೇಳಿದ್ದರು. ನನಗೆ ಖರೇ ಸಮಾಧಾನವಾಯಿತು. ಆ ಪಾಡು ಶತ್ರುವಿಗೂ ಬೇಡ, ಉಪ್ಪಿನ ಶಾಖ ಕೊಟ್ಟ ಅತ್ತೆಗಂತೂ ಬೇಡವೇ ಬೇಡ. ಅದೇ ಹೊತ್ತಿಗೆ ಮೈಯೆಲ್ಲ ಉರಿಯುವಷ್ಟು ಸಿಟ್ಟೂ ಬಂತು. ಎರಡೂ ಒಟ್ಟಿಗೆ ಬಂದವು, ಒಂದು ಇನ್ನೊಂದಕ್ಕೆ ದಾರಿ ಬಿಡಲಿಲ್ಲ.

ಚಹಾ ಮಾಡಿ ಕೊಟ್ಟೆ. ಅತ್ತೆ ಬಸಿಯನ್ನು ಕೆಳಗಿಟ್ಟು ನನ್ನ ಕೈ ಹಿಡಿದುಕೊಂಡರು. ಕಣ್ಣಲ್ಲಿ ನೀರಿತ್ತು. ನಟನೆಯಲ್ಲ, ಹೆದರಿದ ಮುದುಕಿಯ ಕಣ್ಣೀರು.

"ಲಗೂ ಕಳಿಸಿದಿ, ಚಲೋ ಆತ ನೋಡವಾ. ಏನಾರ ಇದ್ದು ತಡಾ ಮಾಡಿದ್ರ ನನ್ನ ಗತಿ ಏನಾಗ್ತಿತ್ತು?"

ನನ್ನ ಗಂಡ ಗುಳಿಗೆಯ ಚೀಟಿ ಕೈಯಲ್ಲಿ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದರು. ಅವರ ಮುಖ ನೋಡಿದೆ. ಅವರು ನೆಲ ನೋಡಿದರು.

"ನನ್ನ ಗತಿ ಆಗ್ತಿತ್ತ್ರಿ ಅತ್ತಿ," ಎಂದೆ.

ಗಡಿಯಾರ ನೋಡಿದೆ, ನನ್ನ ಹೊತ್ತಾಗಿತ್ತು. ಕೈ ಬಿಡಿಸಿಕೊಂಡು, ಗೋಡೆ ಹಿಡಿದು ಎದ್ದು, ಬಚ್ಚಲಿಗೆ ಹೋದೆ.